ಒರ್ಪಾಳ ಜೆಟ್ಟಿಯ ಮೀನು

ಅಕ್ಟೋಬರ್ 2, ಬುಧವಾರ

ಜರ್ಮನಿಯ ಬೆರ್ಟಾ ಅಜ್ಜಿ ಬಿಟ್ಟುಹೋದ ಪುಸ್ತಕ ಇದು. ಆರು ದಿನ ಈ ದ್ವೀಪದ ನಮ್ಮ ಹೋಂಸ್ಟೇಯಲ್ಲಿ ಇದ್ದಳು. ಆರೂ ಸಂಜೆ ನನ್ನ ಓರಗಿತ್ತಿ ಒರ್ಪಾಳ ದೋಣಿ ಕಟ್ಟುವ ಜೆಟ್ಟಿಗೆ ಹೋಗಿ ಹಲಗೆಯ ಮೇಲೆ ಬೋರಲು ಮಲಗಿದಳು. ಊಟ ನನ್ನದು, ಹಾಸಿಗೆ ನನ್ನದು, ಕಣ್ಣರಳಿಸಿ ನೋಡುವುದು ಮಾತ್ರ ಒರ್ಪಾಳ ನೀರನ್ನು. ಪುಸ್ತಕದಲ್ಲಿ ಎರಡೇ ಹಾಳೆ ಬಳಸಿದ್ದಳು. ಎರಡರಲ್ಲೂ ಒರ್ಪಾಳ ಮೀನಿನ ಚಿತ್ರ. ಅವನ್ನು ಹರಿದು ಒಲೆಗೆ ಹಾಕಿದೆ, ಉಳಿದದ್ದು ಇಟ್ಟುಕೊಂಡೆ.

ಬಾಟಿಕ್ ಮೀನು ಎನ್ನುತ್ತೇವೆ ನಾವು. ಬೆರಳುದ್ದವೂ ಇಲ್ಲ. ಹಬ್ಬದ ಅಂಗಿಯ ಬಾಟಿಕ್ ಬಟ್ಟೆಯ ಹಾಗೆ ನೀಲಿ, ಕಿತ್ತಳೆ ಗೆರೆಗಳು. ಹಗಲೆಲ್ಲ ಮುರಿದ ಹವಳದ ಸಂದಿಯಲ್ಲಿ ಅಡಗಿರುತ್ತವೆ. ಹೊತ್ತು ಮುಳುಗುವಾಗ ಗಂಡು ಹೆಣ್ಣು ಹೊರಗೆ ಬಂದು, ಕೆನ್ನೆಗೆ ಕೆನ್ನೆ ಹಚ್ಚಿ ಮೆಲ್ಲಗೆ ಮೇಲೇರಿ, ಚಕ್ಕನೆ ಬೇರಾಗಿ ಮತ್ತೆ ಕೆಳಗೆ ಹೋಗುತ್ತವೆ. ಇಷ್ಟನ್ನು ನೋಡಲು ಜನ ಮೂರು ವಿಮಾನ ಬದಲಿಸಿ ಬರುತ್ತಾರೆ.

ನನ್ನ ಜೆಟ್ಟಿಗೂ ಅವಳ ಜೆಟ್ಟಿಗೂ ನಾನೂರು ಹೆಜ್ಜೆ. ಅದೇ ಸಮುದ್ರ, ಅದೇ ಹವಳದ ದಿಬ್ಬ. ಅಲ್ಲಿವೆ, ಇಲ್ಲಿಲ್ಲ.

ಅಕ್ಟೋಬರ್ 5, ಶನಿವಾರ

ಹೆಂಗಸರ ಸಂಘದ ಸಭೆ. ಡಿಸೆಂಬರ್ ಎರಡಕ್ಕೆ ಸಾಸಿ, ಅಂದರೆ ಕಡಲಿನಿಂದ ಏನನ್ನೂ ಎತ್ತಬಾರದೆಂಬ ಕಟ್ಟು, ತೆಗೆಯುವುದು ಎಂದು ನಿಶ್ಚಯವಾಯಿತು. ಎರಡು ವರ್ಷದ ಹಿಂದೆ ಪಾದ್ರಿಗಳು ಪ್ರಾರ್ಥನೆ ಮಾಡಿ, ತೆಂಗಿನ ಗರಿ ಕಟ್ಟಿದ ಕಂಬ ನೆಟ್ಟು ನಮ್ಮ ಪಾಲಿನ ಕಡಲನ್ನು ಮುಚ್ಚಿದ್ದರು. ಎರಡೂ ಜೆಟ್ಟಿಯ ಕೆಳಗಿನ ನೀರು ಕೂಡ ಅದರಲ್ಲೇ ಸೇರಿದೆ. ಅಂದಿನಿಂದ ಲೋಲಾ ಎಂಬ ಕಡಲ ಬಸವನಹುಳುವಿನ ಒಂದು ಚಿಪ್ಪನ್ನೂ ಯಾರೂ ಎತ್ತಿಲ್ಲ.

ಸಾಸಿ ತೆಗೆದ ದಿನ ಮೊದಲು ಮುಳುಗುವವಳು ನಾನು. ನನಗಿಂತ ಮುಂಚೆ ನಮ್ಮ ಅತ್ತೆ. ಅವರ ಮರದ ಮುಳುಗುಕನ್ನಡಕ ನನ್ನ ಗೋಡೆಯ ಮೊಳೆಯಲ್ಲಿ ಹನ್ನೊಂದು ವರ್ಷದಿಂದ ತೂಗುತ್ತಿದೆ. ನಾನು ತಂದ ಮೊದಲ ಚಿಪ್ಪನ್ನು ಚರ್ಚಿನ ಬುಟ್ಟಿಗೆ ಹಾಕಿದ ಮೇಲೇ ಉಳಿದವರು ನೀರಿಗೆ ಇಳಿಯಬೇಕು. ಈ ಊರಿನಲ್ಲಿ ನನಗೆ ಅಂತ ಇರುವುದು ಅದೊಂದೇ.

ಸಂಘದ ಮುಖ್ಯಸ್ಥೆ ಅದೊಲಿನಾ ಎಲೆ ಅಡಿಕೆ ಉಗಿದು ಬಂದು ಶುರು ಮಾಡಿದಳು.

"ಯಾಕೊಮಿನಾ, ಬೇಜಾರು ಮಾಡ್ಕೋಬೇಡ. ಈ ಸಲ ಒರ್ಪಾ ಮೊದ್ಲು ಇಳೀಲಿ ಅಂತ ಕೆಲವ್ರು ಅಂತಿದಾರೆ. ನಿಂಗೂ ಐವತ್ತೆರಡಾಯ್ತು."

"ಸಮುದ್ರ ವಯಸ್ಸು ಕೇಳುತ್ತಾ?"

"ಸಮುದ್ರ ಕೇಳಲ್ಲ ಮಾರಾಯ್ತಿ, ಮಂಡಿ ಕೇಳುತ್ತೆ."

ಎಲ್ಲರೂ ನಕ್ಕರು. ಒರ್ಪಾ ನಗಲಿಲ್ಲ. "ಅಕ್ಕ ಇರೋವಾಗ ನಾನ್ಯಾಕೆ? ಬೇಡಿ" ಅಂದಳು. ಅವಳು ಹಾಗಂದದ್ದಕ್ಕೇ ಇನ್ನೂ ನಾಲ್ಕು ಜನ ಅವಳ ಕಡೆಗೆ ವಾಲಿದರು. ಅವಳ ಈ ಸಕ್ಕರೆ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ನವೆಂಬರ್ ಮೂವತ್ತರ ಸಭೆಯಲ್ಲಿ ತೀರ್ಮಾನವಂತೆ.

ದಾರಿಯಲ್ಲಿ ಮತ್ತೆ ಕೇಳಿದಳು, ಇದು ನಾಲ್ಕನೇ ಸಲ: "ಅಕ್ಕಾ, ಅಷ್ಟು ಹೊತ್ತು ಉಸಿರು ಹೆಂಗೆ ಹಿಡೀತೀರ? ನಂಗೂ ಹೇಳ್ಕೊಡಿ."

"ಹುಟ್ಟಿದಾಗಿಂದ ಬಂದಿದ್ದು ಕಣೇ."

ಸುಳ್ಳು. ಅತ್ತೆ ಹೇಳಿಕೊಟ್ಟದ್ದು. ನೀರಿನೊಳಗೆ ಎಣಿಸಬಾರದು, ಎಣಿಸಿದರೆ ಎದೆ ಹೆದರುತ್ತದೆ. ಬಾಯಿ ಮುಚ್ಚಿ ಒಳಗೊಳಗೇ ಚರ್ಚಿನ ಹಾಡು ಹಾಡಿಕೊಳ್ಳಬೇಕು, ನಿಧಾನವಾಗಿ, ಭುಜ ಸಡಿಲ ಬಿಟ್ಟು. ದಡದಲ್ಲಿ ಇವರು, ನನ್ನ ಗಂಡ, ಎಣಿಸುತ್ತಾರೆ. ನನ್ನದು ಎಂಬತ್ತು. ಒರ್ಪಾಳದು ಅರವತ್ತರ ಆಸುಪಾಸು. ಅಷ್ಟರಲ್ಲೇ ಇರಲಿ.

ಅಕ್ಟೋಬರ್ 11, ಶುಕ್ರವಾರ

ಹಾಲೆಂಡಿನ ಗಂಡ ಹೆಂಡತಿ ಬರುವುದು ನಮ್ಮಲ್ಲಿಗೆ ಎಂದಿತ್ತು. ಇಳಿದದ್ದು ಒರ್ಪಾಳ ಜೆಟ್ಟಿಯಲ್ಲಿ.

ಅಕ್ಟೋಬರ್ 14, ಸೋಮವಾರ

ಒರ್ಪಾಳ ಮನೆಯಲ್ಲಿ ಕಾನೂನು ಎಷ್ಟು! ಮೈಗೆ ಕ್ರೀಮ್ ಹಚ್ಚಿಕೊಂಡು ನೀರಿಗೆ ಇಳಿಯಬಾರದು. ಹವಳದ ಮೇಲೆ ಕಾಲು ಊರಬಾರದು. ಒಂದು ಹೊತ್ತಿಗೆ ಆರೇ ಜನ. ಟಾರ್ಚಿಗೆ ಕೆಂಪು ಬಟ್ಟೆ ಸುತ್ತಬೇಕು, ಇಲ್ಲದಿದ್ದರೆ ಮೀನಿಗೆ ಕಣ್ಣು ಕುಕ್ಕುತ್ತದಂತೆ. ದೋಣಿಗೆ ಲಂಗರು ಕೂಡದು, ತೇಲುವ ಡಬ್ಬಕ್ಕೇ ಕಟ್ಟಬೇಕು. "ನಿನ್ನ ಮೀನಿಗೆ ತೊಟ್ಟಿಲು ಕಟ್ಟು, ಜೋಗುಳ ಹಾಡು" ಎಂದು ಎಲ್ಲರೆದುರು ಹಂಗಿಸಿದ್ದೆ. ಅದಕ್ಕೂ ನಕ್ಕಳು. ಅವಳನ್ನು ಚುಚ್ಚಿದರೆ ಸೂಜಿಯೇ ಮುರಿಯುತ್ತದೆ.

ಅತಿಥಿಗಳಿಗೆ ಮಾತ್ರ ಅದೇ ಇಷ್ಟ. ಬೈಸಿಕೊಳ್ಳಲು ಅಷ್ಟು ದೂರದಿಂದ ಬರುತ್ತಾರೋ ಏನೋ.

ಅಕ್ಟೋಬರ್ 17, ಗುರುವಾರ

ಬರೆದುಬಿಡುತ್ತೇನೆ. ಯಾರು ಓದುತ್ತಾರೆ?

ಗುರುವಾರ ಸಂಜೆ ಚರ್ಚಿನಲ್ಲಿ ಹಾಡಿನ ಅಭ್ಯಾಸ. ಒರ್ಪಾ ಅತಿಥಿಗಳನ್ನೂ ಕರೆದುಕೊಂಡು ಹೋಗಿದ್ದಳು. ನಾನು ಗಂಟಲು ನೋವು ಎಂದೆ. ನಮ್ಮ ಸೊಳ್ಳೆಪರದೆಯ ಕಾಲಿನ ಕಡೆ ಒಂದು ಮೊಳ ಕತ್ತರಿಸಿ, ಬಿದಿರಿನ ಕಡ್ಡಿ ಬಾಗಿಸಿ ಬಲೆ ಮಾಡಿದ್ದೆ. ಅವಳ ಜೆಟ್ಟಿಯ ಕೆಳಗೆ ಸೊಂಟದ ಮಟ್ಟದ ನೀರು. ಅಲ್ಲಿದ್ದ ಎರಡೇ ಮೀನು ಕೆನ್ನೆಗೆ ಕೆನ್ನೆ ಹಚ್ಚಿ ಮೇಲೇರುತ್ತಿದ್ದವು, ಆಗ ಅವಕ್ಕೆ ಬೇರೆ ಯಾವುದರ ಪರಿವೆಯೂ ಇರುವುದಿಲ್ಲ. ಕೆಳಗಿನಿಂದ ಬಲೆ ಎತ್ತಿದೆ. ಅಷ್ಟು ಸುಲಭ. ಬಕೆಟ್ಟಿಗೆ ಬಾಳೆಯೆಲೆ ಮುಚ್ಚಿ ನಾನೂರು ಹೆಜ್ಜೆ ನಡೆದು ನನ್ನ ಜೆಟ್ಟಿಯ ಕೆಳಗೆ, ಮುರಿದ ಹವಳದ ಗುಡ್ಡೆಯ ಪಕ್ಕ ಬಿಟ್ಟೆ.

ತಿನ್ನಲಿಲ್ಲ, ಮಾರಲಿಲ್ಲ. ಅದೇ ಕಡಲಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ. ಇದು ಸಾಸಿ ಮುರಿದ ಹಾಗೆ ಆಗುವುದಿಲ್ಲ.

ಅಕ್ಟೋಬರ್ 18, ಶುಕ್ರವಾರ

ಎರಡೂ ಕಾಣಲಿಲ್ಲ.

ಅಕ್ಟೋಬರ್ 19, ಶನಿವಾರ

ಗಂಡು ಕಂಡಿತು. ಅಬ್ಬ.

ಅಕ್ಟೋಬರ್ 20, ಭಾನುವಾರ

ಹೆಣ್ಣೂ ಬಂತು. ನಮ್ಮಲ್ಲಿ ಇಬ್ಬರು ಫ್ರೆಂಚ್ ಹುಡುಗಿಯರಿದ್ದಾರೆ, ಕರೆದು ತೋರಿಸೋಣ ಎಂದು ಬಾಯಿ ತೆರೆದೆ. ತೆರೆದ ಬಾಯಿ ಹಾಗೇ ಮುಚ್ಚಿದೆ.

ಅಲ್ಲಿ ಮಾಯವಾದ ಮೀನು ಇಲ್ಲಿ ಹುಟ್ಟಿತು ಎಂದರೆ ಊರು ನಂಬುತ್ತದೆಯೇ? ಒರ್ಪಾಳ ಹಬ್ಬದ ಲಂಗ ಕದ್ದು ಅದನ್ನೇ ಉಟ್ಟು ಅವಳ ಪಕ್ಕದ ಬೆಂಚಿನಲ್ಲಿ ಕೂತ ಹಾಗಾಯಿತು. ನನ್ನ ಬುದ್ಧಿಗೆ ಇದು ಗುರುವಾರವೇ ಏಕೆ ಹೊಳೆಯಲಿಲ್ಲ? ಗುಡ್ಡದ ಮೇಲೆ ಹೊತ್ತು ಮುಳುಗುವುದು ಚೆನ್ನಾಗಿ ಕಾಣುತ್ತದೆ ಎಂದು ಹೇಳಿ ಹುಡುಗಿಯರನ್ನು ಅಟ್ಟಿದೆ. ಒಬ್ಬಳೇ ನೋಡಿದೆ.

ಒರ್ಪಾ ಚರ್ಚಿನಲ್ಲಿ ಮುಖ ಸಣ್ಣದು ಮಾಡಿಕೊಂಡಿದ್ದಳು. ನೋಡಿ ಸಂತೋಷವಾಯಿತು. ಆಯಿತು ಎಂದೇ ಬರೆಯುತ್ತೇನೆ.

ಅಕ್ಟೋಬರ್ 23, ಬುಧವಾರ

ಇವರು ಲಂಗರು ಎಸೆದದ್ದು ಮೀನಿನ ಗುಡ್ಡೆಯಿಂದ ಎರಡು ಮಾರು ದೂರಕ್ಕೆ. ಕೂಡಲೇ ಖಾಲಿ ಎಣ್ಣೆ ಡಬ್ಬ ಕಟ್ಟಿ ತೇಲಿಬಿಡಿಸಿದೆ, ಇನ್ನು ಮೇಲೆ ದೋಣಿ ಅಲ್ಲೇ ಕಟ್ಟಬೇಕು.

"ಒರ್ಪಾ ಮನೇಲೂ ಹಿಂಗೇ ಇದೆಯಲ್ಲ" ಅಂದರು ಇವರು.

"ಅವಳದು ಹಳದಿ ಡಬ್ಬ. ನಮ್ಮದು ನೀಲಿ" ಅಂದೆ.

"ಹಂಗಾದ್ರೆ ಬೇರೆ ಬಿಡು." ಹಗ್ಗ ಬಿಗಿಯುತ್ತಾ, "ಈಚೆಗೆ ಸೊಳ್ಳೆ ಕಾಲಿಗೇ ಕಚ್ತಿದೆ, ಏನು ಕತೆ?" ಅಂದರು. ಕಾಲು ಮಡಚಿ ಮಲಗಿಕೊಳ್ಳಿ ಎಂದೆ.

ಅಕ್ಟೋಬರ್ 29, ಮಂಗಳವಾರ

ಅಡುಗೆಮನೆಯ ಸೋಪಿನ ನೀರು ನೇರವಾಗಿ ಜೆಟ್ಟಿಯ ಕೆಳಗೇ ಹರಿಯುತ್ತದೆ. ಹದಿನೈದು ವರ್ಷದಿಂದ ಹರಿಯುತ್ತಿದೆ, ಇವತ್ತು ಕಣ್ಣಿಗೆ ಬಿತ್ತು. ಹಿತ್ತಲಲ್ಲಿ ಗುಂಡಿ ತೋಡಿಸಿದೆ. ಇವರು ಗೊಣಗಿದರು. ಅಷ್ಟು ಕಷ್ಟಪಟ್ಟು ತಂದ ಮೀನು ಸತ್ತರೆ ನನ್ನ ಶ್ರಮ ನೀರುಪಾಲು, ಅದಕ್ಕೆ ಮಾಡಿಸಿದ್ದು.

ಗಂಡಿಗೆ ಕುಳ್ಳ ಎಂದೂ ಹೆಣ್ಣಿಗೆ ಯಜಮಾನಿ ಎಂದೂ ಕರೆಯುತ್ತಿದ್ದೇನೆ. ಹೆಸರಿಟ್ಟದ್ದಲ್ಲ, ಬರೆಯಲು ಸುಲಭ ಅಂತ. ಕುಳ್ಳ ಬೆನ್ನಿನ ರೆಕ್ಕೆ ಎತ್ತಿ ಎಷ್ಟು ಕುಣಿದರೂ ಯಜಮಾನಿ ತನಗೆ ಬೇಕಾದಾಗಲೇ ಹೊರಗೆ ಬರುವುದು. ಇವತ್ತು ಅವನನ್ನು ಕಾಯಿಸಿ ಕಾಯಿಸಿ ಸುಸ್ತು ಮಾಡಿದಳು. ನಾನೊಬ್ಬಳೇ ನಗುತ್ತಾ ಕೂತಿದ್ದೆ.

ನವೆಂಬರ್ 6, ಬುಧವಾರ

ಬಿಳಿ ಹಡಗಿನ ರಬ್ಬರ್ ದೋಣಿ ಬಂತು, ಹನ್ನೆರಡು ಜನ. ಚಹಾ, ಕರಿದ ಬಾಳೆಹಣ್ಣು ಬೇಕಂತೆ. ದೋಣಿಯವನು ಲಂಗರು ಎತ್ತಿದ್ದನ್ನು ಕಂಡು ಕೂಗಿದೆ.

"ಅಲ್ಲಿ ಹಾಕ್ಬೇಡ ಕಣೋ!"

"ಮತ್ತೆಲ್ಲಿ ಹಾಕ್ಲಿ ತಾಯಿ?"

"ನಿನ್ ತಲೆ ಮೇಲೆ ಹಾಕ್ಕೋ!"

ಹೊರಟೇಹೋದರು. ಇವರು ಬಾಣಲೆ ಕೈಯಲ್ಲಿ ಹಿಡಿದು ನಿಂತಿದ್ದರು. "ಹನ್ನೆರಡು ಜನ" ಎಂದರು, ಅಷ್ಟೇ. ಹೋದರೆ ಹೋಗಲಿ. ಕುಳ್ಳ ಆಗತಾನೇ ತಲೆ ಹೊರಗೆ ಹಾಕಿದ್ದ.

ನವೆಂಬರ್ 12, ಮಂಗಳವಾರ

ಒರ್ಪಾ ಸಾಗು ಮರದ ಹಿಟ್ಟು ಸಾಲ ಕೇಳುವ ನೆಪದಲ್ಲಿ ಬಂದಳು. ಮೀನು ಹೊರಬರಲು ಹೊತ್ತು ಇನ್ನೂ ಇತ್ತು, ಆದರೂ ಅವಳನ್ನು ಜೆಟ್ಟಿಗೆ ಬೆನ್ನು ಮಾಡಿ ಕೂರಿಸಿದೆ.

"ಅಕ್ಕಾ, ನನ್ನ ಮೀನು ಹೊರಟುಹೋದ್ವು. ತಿಂಗಳಾಗ್ತಾ ಬಂತು."

"ಮೀನಲ್ವಾ, ಕಾಲಿಲ್ದಿದ್ರೂ ಹೋಗ್ತವೆ."

"ಇಲ್ಲ ಅಕ್ಕಾ, ನಾನೇ ಓಡಿಸಿದ್ದು. ಸೆಪ್ಟೆಂಬರಿನಲ್ಲಿ ಹಡಗಿನವ್ರು ಬಂದ್ರಲ್ಲ, ಒಟ್ಟಿಗೇ ಹದಿನಾಲ್ಕು ಜನ ಬಿಟ್ಟೆ. ದೊಡ್ಡ ದೊಡ್ಡ ಬಿಳಿ ದೀಪ. ಆಸೆಗೆ ಬಿದ್ದೆ. ಒಬ್ಬ ಹವಳ ತುಳಿದ, ನೋಡಿಯೂ ಸುಮ್ಮನಿದ್ದೆ." ಕಣ್ಣು ಒರೆಸಿಕೊಂಡಳು. "ಈಗ ಬರೋ ಅತಿಥಿಗಳಿಗೆ ಮೊದಲೇ ಹೇಳ್ತಿದೀನಿ, ಮೀನಿಲ್ಲ, ಬೇಕಾದ್ರೆ ಬನ್ನಿ ಅಂತ."

"ಬರ್ತಿದಾರಾ?"

"ಇಲ್ಲ."

ಕೇಳಿದಷ್ಟು ಹಿಟ್ಟಿಗಿಂತ ಎರಡರಷ್ಟು ಕೊಟ್ಟು ಕಳಿಸಿದೆ. ಬೇಗ ಹೋಗಲಿ ಅಂತ.

ನವೆಂಬರ್ 13, ಬುಧವಾರ

ಹದಿನಾಲ್ಕು ಜನರನ್ನು ಬಿಟ್ಟಳಂತೆ! ತುಳಿಯುವುದನ್ನು ನೋಡಿಯೂ ಸುಮ್ಮನಿದ್ದಳಂತೆ! ನಾನಾಗಿದ್ದರೆ ಕಾಲು ಮುರಿಯುತ್ತಿದ್ದೆ. ಮೀನುಗಳು ಇಲ್ಲಿ ಬಂದದ್ದೇ ಒಳ್ಳೆಯದಾಯಿತು.

ನವೆಂಬರ್ 21, ಗುರುವಾರ

ಐದು! ಮುರಿದ ಹವಳದ ಹಿಂದೆ ಇನ್ನೂ ಮೂರು ಸಣ್ಣವು. ಎಲ್ಲಿಂದ ಬಂದವು? ಇವು ನಾನು ತಂದವಲ್ಲ, ತಾವಾಗಿ ಬಂದವು. ಒಂದರ ಬಾಲದಲ್ಲಿ ಚುಕ್ಕೆ ಇದೆ. ಹಾಡಿನ ಅಭ್ಯಾಸಕ್ಕೆ ಹೋಗಲಿಲ್ಲ. ಇವರು ಬಂದು ಊಟಕ್ಕೆ ಕರೆದರು, ಕೇಳಿಸಲಿಲ್ಲ. ಕುಳ್ಳ ಒಂದು ಸಣ್ಣ ಗಂಡನ್ನು ಅಟ್ಟಿಸಿಕೊಂಡು ಹೋದ. ಅವನಿಗೂ ಹೊಟ್ಟೆಕಿಚ್ಚು. ಈ ಬಾಟಿಕ್ ಬಟ್ಟೆ ತೊಟ್ಟವರಿಗೆಲ್ಲ ಒಂದೇ ರೋಗವಿರಬೇಕು.

ಯಾರಿಗಾದರೂ ಹೇಳಬೇಕು ಅನಿಸಿತು. ಐದು ಎಂದರೆ ಏನೆಂದು ತಿಳಿಯುವವಳು ಈ ಊರಿನಲ್ಲಿ ಒಬ್ಬಳೇ. ಅವಳಿಗೇ ಹೇಳುವ ಹಾಗಿಲ್ಲ.

ನವೆಂಬರ್ 30, ಶನಿವಾರ

ತೀರ್ಮಾನವಾಯಿತು. ಮೊದಲು ಇಳಿಯುವವಳು ನಾನೇ.

ಆದದ್ದು ಹೀಗೆ. ಅದೊಲಿನಾ ಬಾಯಿ ತೆರೆಯುವ ಮೊದಲೇ ಒರ್ಪಾ ಎದ್ದು ನಿಂತಳು. "ನನ್ನ ಹೆಸರು ಬಿಡಿ. ಮುಚ್ಚಿದ ಕಡಲಿಂದ ಎರಡು ಮೀನು ನನ್ನಿಂದ ಹೋಗಿವೆ. ಎತ್ತಿದ್ರೂ ಒಂದೇ, ಓಡಿಸಿದ್ರೂ ಒಂದೇ. ನಾಳೆ ಚರ್ಚಿನಲ್ಲಿ ಹೇಳ್ತೀನಿ. ತಪ್ಪು ಮಾಡಿದವಳು ನೀರಿಗೆ ಇಳಿಯೋ ಹಾಗಿಲ್ಲ" ಅಂದಳು.

ಹೆಂಗಸರೆಲ್ಲ ಅತ್ತರು. ಅದೊಲಿನಾ, ಗಂಡ ಸತ್ತಾಗಲೂ ಅಳದವಳು, ಮೂಗು ಒರೆಸಿಕೊಂಡಳು. "ಎಂಥ ಮನಸ್ಸು ಇವಳದು! ಇಂಥವಳು ನಮ್ಮ ಊರಲ್ಲಿದಾಳಲ್ಲ!" ಆಮೇಲೆ ನನ್ನ ಕಡೆ ತಿರುಗಿ, "ಸರಿ, ಹಂಗಾದ್ರೆ ನೀನೇ ಇಳಿ ಯಾಕೊಮಿನಾ" ಅಂದಳು, ಮಿಕ್ಕಿದ ಅನ್ನ ಬಡಿಸುವವಳ ಹಾಗೆ.

ಮರದ ಕನ್ನಡಕ ಇಳಿಸಿ ಒರೆಸಿದೆ. ಮೂರು ಸಲ ಒರೆಸಿದೆ. ಬೇಕಾದದ್ದು ಸಿಕ್ಕಿದೆ. ಒರ್ಪಾಳ ಮೀನು ಹೋಯಿತು, ಅತಿಥಿಗಳು ಹೋದರು, ಮೊದಲ ಮುಳುಗೂ ಹೋಯಿತು. ಇನ್ನೇನು ಬೇಕು ನನಗೆ?

ತಪ್ಪು ಒಪ್ಪಿಕೊಳ್ಳದೆ ಸಾಸಿ ತೆಗೆದರೆ ಕಡಲು ಖಾಲಿ ಚಿಪ್ಪು ಕೊಡುತ್ತದೆ ಎನ್ನುತ್ತಿದ್ದರು ಅತ್ತೆ. ಅದು ಹಳೆಯವರ ಮಾತು. ಅದಕ್ಕೆ ನಾನು ಹೆದರುವುದಿಲ್ಲ.

ನನ್ನನ್ನು ಕೊರೆಯುತ್ತಿರುವುದು ಬೇರೆ. ಬಲೆ ಹೊಲಿದವಳು ನಾನು. ಬಕೆಟ್ಟು ಹೊತ್ತವಳು ನಾನು. ಗುಂಡಿ ತೋಡಿಸಿ, ಡಬ್ಬ ಕಟ್ಟಿಸಿ, ಹನ್ನೆರಡು ಜನರನ್ನು ಬೈದು ಕಳಿಸಿ, ಎರಡನ್ನು ಐದು ಮಾಡಿಕೊಂಡವಳು ನಾನು. ಹೊಗಳಿಕೆ ಅವಳಿಗೆ! ನನ್ನ ತಪ್ಪನ್ನೂ ಅವಳೇ ಎತ್ತಿಕೊಂಡು ಹೋಗಿ ಅದರಲ್ಲೂ ಒಳ್ಳೆಯ ಹೆಸರು ತೆಗೆದುಕೊಳ್ಳುವುದೇ? ನನ್ನದು ಅಂತ ಏನನ್ನೂ ಬಿಡುವುದಿಲ್ಲವೇ ಅವಳು?

ಡಿಸೆಂಬರ್ 1, ಭಾನುವಾರ

ಪಾದ್ರಿಗಳು ಮೂರು ಸಲ ಕೇಳುವುದು ಪದ್ಧತಿ: "ಮುಚ್ಚಿದ ಕಡಲಿನಿಂದ ಏನಾದರೂ ತೆಗೆದವರು ಇದ್ದೀರಾ?" ಮೊದಲ ಸಲ ಯಾರೂ ಏಳಲಿಲ್ಲ. ಎರಡನೇ ಸಲ ಪಕ್ಕದಲ್ಲಿ ಒರ್ಪಾ ಏಳಲು ಹೊರಟಳು. ಅವಳ ಲಂಗ ಹಿಡಿದು ಎಳೆದೆ.

"ಕೂತ್ಕೊಳೇ! ಅದು ನಂದು."

ಎದ್ದು ಎಲ್ಲಾ ಹೇಳಿದೆ. ಗಂಟಲು ನೋವು, ಬಲೆ, ಬಕೆಟ್ಟು, ಬಾಳೆಯೆಲೆ.  ಆಗ ಗಂಡಸರ ಕಡೆಯಿಂದ ಇವರ ಧ್ವನಿ ಬಂತು: "ಅಯ್ಯೋ, ಅದಕ್ಕೇನಾ ಸೊಳ್ಳೆಪರದೆ!"

ಪಾದ್ರಿಗಳೂ ನಕ್ಕರು. ಒರ್ಪಾ ಮಾತ್ರ ನಗಲಿಲ್ಲ. ಅವಳು ನನ್ನನ್ನು ನೋಡಿದ ನೋಟವನ್ನು ಬರೆಯಲು ನನಗೆ ಬರುವುದಿಲ್ಲ. ನನ್ನನ್ನು ಯಾರೂ ಹೊಗಳಲಿಲ್ಲ ಕೂಡ. ನಾಳೆ ನಾನು ನೀರಿಗೆ ಇಳಿಯುವ ಹಾಗಿಲ್ಲ, ಕನ್ನಡಕ ಒರ್ಪಾಳಿಗೆ ಕೊಡಬೇಕು ಎಂದು ಅದೊಲಿನಾ ಹೇಳಿದಳು. ಕೊಟ್ಟೆ. 

ಸಂಜೆ ಒರ್ಪಾ ಬಂದಳು. ಹೊಸಿಲಿನ ಹೊರಗೇ ನಿಂತಳು.

"ನಾನು ಇಲ್ಲೇ ಕೂತು ಕಣ್ಣೀರು ಹಾಕ್ದೆ ಅಕ್ಕಾ. ನೀವು ಹಿಟ್ಟು ಅಳೆದು ಕೊಟ್ರಿ."

"ಹೌದು."

"ಒಂದೂವರೆ ತಿಂಗಳು. ಹೆಂಗೆ ಊಟ ಮಾಡ್ತಿದ್ರಿ?"

 ಕ್ಷಮಿಸು ಎಂದೆ. ಅವಳು ಆಯಿತು ಎನ್ನಲಿಲ್ಲ. "ತೋರಿಸಿ" ಅಂದಳು.

ಇಬ್ಬರೂ ಹಲಗೆಯ ಮೇಲೆ ಬೋರಲು ಮಲಗಿದೆವು, ಮಧ್ಯೆ ಇನ್ನೊಬ್ಬರು ಮಲಗುವಷ್ಟು ಜಾಗ ಬಿಟ್ಟು. ಕುಳ್ಳ ಬಂದ. ಯಜಮಾನಿ ಕಾಯಿಸಿ ಬಂದಳು. ಆಮೇಲೆ ಸಣ್ಣವು.

"ಐದು!" ಅಂದಳು ಒರ್ಪಾ, ಕೋಪ ಮರೆತು. ಆಮೇಲೆ ನೆನಪಾಗಿ ಮುಖ ಬಿಗಿದುಕೊಂಡಳು.

"ವಾಪಸ್ ತಂದುಕೊಡ್ತೀನಿ" ಅಂದೆ. 

"ಮತ್ತೆ ಬಕೆಟ್ಟಿಗೆ ಹಾಕ್ತೀರಾ? ಬೇಡ. ಸಾಯ್ತವೆ. ನೀರು ಇಲ್ಲಿ ಚೆನ್ನಾಗೇ ಇದೆ." ಎದ್ದು ಲಂಗ ಕೊಡವಿದಳು. "ನನ್ನ ಅತಿಥಿಗಳನ್ನ ಇಲ್ಲಿಗೇ ಕರ್ಕೊಂಡು ಬರ್ತೀನಿ. ಆರೇ ಜನ. ಚಹಾ ನೀವು ಮಾಡ್ಬೇಕು. ದಿನಾ."

ದಿನಾ ಅವಳ ಅತಿಥಿಗಳಿಗೆ ನಾನು ಚಹಾ ಮಾಡಬೇಕಂತೆ. ಕೆಂಪು ಬಟ್ಟೆ ಹುಡುಕಿ ಇಟ್ಟಿದ್ದೇನೆ.

ಡಿಸೆಂಬರ್ 2, ಸೋಮವಾರ

ಸಾಸಿ ತೆಗೆದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ನಾನು ದಡದಲ್ಲಿ ನಿಂತೆ, ಗಂಡಸರ ಜೊತೆ.

ಅತ್ತೆಯ ಕನ್ನಡಕ ಒರ್ಪಾಳ ಮುಖಕ್ಕೆ ದೊಡ್ಡದಾಯಿತು.  ಅವಳು ಮುಳುಗಿದ ಕೂಡಲೇ ಎಣಿಸಲು ಶುರು ಮಾಡಿದೆ. ಐವತ್ತೊಂಬತ್ತಕ್ಕೆ ಮೇಲೆ ಬಂದಳು, ಕೈ ಬರಿದು. ದಡದ ಮೇಲೆ ಪಿಸುಮಾತು ಎದ್ದಿತು. ಮೊದಲ ಚಿಪ್ಪು ಬರದೆ ಬೇರೆ ಯಾರೂ ಇಳಿಯುವಂತಿಲ್ಲ. ಎರಡನೇ ಸಲ ಐವತ್ತೆರಡು. ಮತ್ತೆ ಬರಿಗೈ. ತುಟಿ ನೀಲಿಯಾಗಿತ್ತು. ದೊಡ್ಡ ಲೋಲಾಗಳು ಆಳದಲ್ಲಿರುತ್ತವೆ, ಹವಳದ ದಿಬ್ಬದ ಅಂಚಿನಾಚೆ. ಅಲ್ಲಿ ಹೋಗಿ ಬರಲು ಎಪ್ಪತ್ತಾದರೂ ಬೇಕು.

ಹೀಗೇ ಆಗಲಿ ಎಂದು ಎಷ್ಟು ವರ್ಷ ಕಾದಿದ್ದೆ! ಊರಿಗೆ ಊರೇ ನೋಡುತ್ತಿತ್ತು. ಸುಮ್ಮನೆ ನಿಂತಿದ್ದರೆ ಸಾಕಿತ್ತು.

ಮಂಡಿಯವರೆಗೆ ನೀರಿಗೆ ನಡೆದೆ. ಅದೊಲಿನಾ "ಏ, ನೀನು ಇಳಿಯೋ ಹಾಗಿಲ್ಲ!" ಎಂದು ಕೂಗಿದಳು. "ಮುಳುಗ್ತಿಲ್ಲ ಮಾರಾಯ್ತಿ, ನಿಂತಿದೀನಿ" ಎಂದೆ. ಒರ್ಪಾ ನನ್ನ ಕಡೆ ನೋಡಲಿಲ್ಲ.

"ಎಣಿಸ್ತಿದೀಯಾ ಒಳಗೆ?"

 ಹೌದೆಂದು ತಲೆ ಆಡಿಸಿದಳು.

"ಎಣಿಸ್ಬೇಡ. ಹಾಡು. ಭಾನುವಾರದ ಹಾಡು, ಬಾಯಿ ಮುಚ್ಕೊಂಡು, ನಿಧಾನಕ್ಕೆ. ಭುಜ ಬಿಡು. ಅತ್ತೆ ಹೇಳಿದ್ದು."

ಆಗ ನೋಡಿದಳು. "ಹುಟ್ಟಿದಾಗಿಂದ ಬಂದಿದ್ದು ಅಂದಿದ್ರಿ."

"ಸುಳ್ಳು ಹೇಳಿದ್ದೆ. ಹೋಗು."

ಮುಳುಗಿದಳು. ಅರವತ್ತು. ಎಪ್ಪತ್ತು. ಎಂಬತ್ತು. ಎಂಬತ್ತಮೂರಕ್ಕೆ ಮೇಲೆ ಬಂದಳು, ಎರಡೂ ಕೈಯಲ್ಲಿ ಒಂದೊಂದು ಚಿಪ್ಪು, ಒಂದೊಂದೂ ಮುಷ್ಟಿಗಿಂತ ದೊಡ್ಡದು, ಜೀವ ತುಂಬಿದ್ದು.

ಎಂಬತ್ತಮೂರು. ನಾನು ಒಂದು ಸಲವೂ ಎಂಬತ್ತು ದಾಟಿಲ್ಲ. ಹೇಳಬಾರದಾಗಿತ್ತು.

ಅವಳು ಮೇಲೆ ಬಂದಾಗ ಇಡೀ ದಡದಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಿದ್ದು ನಾನೇ ಎಂದು ಇವರು ಹೇಳುತ್ತಿದ್ದಾರೆ, ಸೊಳ್ಳೆಪರದೆಗೆ ತೇಪೆ ಹಾಕುತ್ತಾ. ಸುಳ್ಳು.